ನಿನ್ನ ತಾಯಿಯ ಬಲಗೈ ವಿಷಯವಾಗಿ

ಉರಿಗಾಂ, ಕೆ.ಜಿ.ಎಫ್.
12-11-2024, ಮಂಗಳವಾರ

ಪ್ರೀತಿಯ ಮಗಳು ಇಂದ್ರಾಣಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಹುಬ್ಬಳ್ಳಿಯಲ್ಲಿ ನೀನೂ ಅಳಿಯಂದಿರೂ ಆರೋಗ್ಯವಾಗಿರುವಿರೆಂದು ನಂಬಿದ್ದೇನೆ. ನಿನ್ನ ಸೊಂಟದ ನೋವು ಇಳಿಯಿತೇ? ಉಭಯ ಕುಶಲವೆಂದು ಬರೆಯುವುದು ನನ್ನ ರೂಢಿಯಾದರೂ ಈ ಬಾರಿ ಕುಶಲವು ನಿಮ್ಮ ಕಡೆಗೆ ಮಾತ್ರ ಸಲ್ಲತಕ್ಕದ್ದು. ಫೋನಿನಲ್ಲಿಯೇ ಹೇಳಬಹುದಿತ್ತು, ಆದರೆ ನನ್ನ ಪೀಠಿಕೆ ಮುಗಿಯುವ ಮೊದಲೇ ನೀನು ತೀರ್ಪು ಕೊಟ್ಟುಬಿಡುತ್ತೀಯೆ.

ನಲ್ಲಿಯ ಬಳಿ ಪಾಚಿಯ ಮೇಲೆ ಜಾರಿ ನಿನ್ನ ತಾಯಿಯ ಬಲ ಮಣಿಕಟ್ಟು ಮುರಿದ ಸಂಗತಿ ನಿನಗೆ ತಿಳಿದಿದೆ. ಶನಿವಾರ ಬಂಗಾರಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರು ಎರಡು ದಾರಿ ತೋರಿಸಿದರು. ಆಪರೇಷನ್ ಮಾಡಿ ಪ್ಲೇಟು ಹಾಕಿದರೆ ಕೈ ನೆಟ್ಟಗೆ ಕೂಡುತ್ತದೆ. ಆರು ವಾರ ಸಿಮೆಂಟು ಪಟ್ಟಿಯಲ್ಲೇ ಬಿಟ್ಟರೆ ಕೊಂಚ ಸೊಟ್ಟಗಾಗಬಹುದು, ಈ ವಯಸ್ಸಿಗೆ ಅದೂ ಆದೀತು, ನೀವೇ ಯೋಚಿಸಿ ಹೇಳಿ ಎಂದರು. "ನೀವೇ" ಎಂದಾಗ ಅವರು ನೋಡಿದ್ದು ಅವಳನ್ನು. ಉತ್ತರ ಕೊಟ್ಟವನು ನಾನು.

ಒಪ್ಪಿಗೆಯ ನಮೂನೆಯ ಕೆಳಗೆ ರೋಗಿಯು ತನ್ನ ಮಾತಿನಲ್ಲಿ ಬರೆಯಲು ನಾಲ್ಕು ಗೆರೆ ಬಿಟ್ಟಿದ್ದರು. ತಾಲ್ಲೂಕು ಕಚೇರಿಯ ಮುಂದೆ ಮೂವತ್ತೆರಡು ವರ್ಷ ಗಣಿಯವರ, ರೈತರ ಅರ್ಜಿಗಳನ್ನು ಶುದ್ಧಪ್ರತಿ ಮಾಡಿದ ನನ್ನ ಕೈ ಸುಮ್ಮನಿದ್ದೀತೇ? "ಅಮ್ಮಾಜಮ್ಮ ಆದ ನಾನು ಸ್ವಸ್ಥ ಚಿತ್ತದಿಂದ, ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ ಶಸ್ತ್ರಚಿಕಿತ್ಸೆಯನ್ನು ಕೋರಿ ಪ್ರಾರ್ಥಿಸಿಕೊಳ್ಳುವುದೇನೆಂದರೆ" ಎಂದು ಆರಂಭಿಸಿ ಕಾಗದದ ಹಿಂಬದಿಗೂ ಸಾಗಿದೆ. ನೀನು ಏಳನೆಯ ತರಗತಿಯಲ್ಲಿದ್ದಾಗ ಅವಳಿಗೆ ಸಹಿ ಕಲಿಸಿದ್ದೆಯಲ್ಲ, ಆ ಬಲಗೈ ಈಗ ಏಳದು. ಆದ್ದರಿಂದ ಅವಳ ಎಡಗೈ ಹೆಬ್ಬೆಟ್ಟನ್ನು ನಾನೇ ಹಿಡಿದು, ಮಸಿಗೆ ತಾಗಿಸಿ, ಒತ್ತಿದೆ. ಸಾವಿರಾರು ಹೆಬ್ಬೆಟ್ಟು ಹಿಡಿದವನು ನಾನು. ಒತ್ತುವ ಮೊದಲು ಕೇಳುವ ಅಭ್ಯಾಸ ಇರಲಿಲ್ಲ.

ನರ್ಸ್ ಅಂಬಿಕ ಅದನ್ನು ಗಟ್ಟಿಯಾಗಿ ಓದಿ, ಅಕ್ಷರ ಮುತ್ತಿನಂತಿದೆಯೆಂದು ಹೊಗಳಿ, ಇದು ನಿಮ್ಮ ಇಷ್ಟವೇ ತಾನೆ ಎಂದು ನಿನ್ನ ತಾಯಿಯನ್ನು ಕೇಳಿದಳು. ಇವಳು ಗೋಡೆ ನೋಡುತ್ತ ಹೇಳಿದಳು: "ಅಷ್ಟು ಚೆಂದಾಗಿ ಮಾತಾಡಕ್ಕೆ ನಂಗೆ ಬರಾಕಿಲ್ಲ ಕಣಮ್ಮ. ಬರ್ದೋರ ಕೈಗೇ ಮಾಡ್ಬುಡಿ ಆಪ್ರೇಸನ್ನು."

ವಾರ್ಡಿಗೆ ವಾರ್ಡೇ ನಕ್ಕಿತು. ಡಾಕ್ಟರು ನನ್ನ ಬರಹಕ್ಕೆ ಅಡ್ಡಗೆರೆ ಎಳೆದು, ಹೊಸ ನಮೂನೆ ಕೊಟ್ಟು, 18ನೇ ತಾರೀಖು ಸೋಮವಾರ ಆಯಮ್ಮನೇ ಹೇಳಲಿ ಎಂದು ಕಳುಹಿಸಿದರು. ಬಸ್ಸಿನಲ್ಲಿ ಅವಳು ಮುಂದಿನ ಸೀಟಿನಲ್ಲಿ ಕುಳಿತಳು. ಉರಿಗಾಂ ಬರುವವರೆಗೆ ಹಿಂತಿರುಗಿ ನೋಡಲಿಲ್ಲ.

ಅಂದಿನಿಂದ ನನ್ನ ಬುದ್ಧಿ ಒಂದು ಕಡೆ ನಿಲ್ಲದು. ನೆಟ್ಟಗಿನ ಕೈ ಸಿಗುವಾಗ ಸೊಟ್ಟ ಕೈಯನ್ನು ಆರಿಸಿಕೊಳ್ಳಲು ಬಿಡುವುದು ಗೌರವವೋ, ಅಲಕ್ಷ್ಯವೋ? ನಾನು ಬಯಸಿದ್ದು ಅವಳ ಒಳಿತನ್ನೇ. ಹಾಗಿದ್ದೂ "ಯಾರ ಒತ್ತಾಯವೂ ಇಲ್ಲದೆ" ಎಂಬ ನನ್ನದೇ ಸಾಲು ನೆನಪಾದರೆ ಮುಖ ಬಿಸಿಯಾಗುತ್ತದೆ. ಪಕ್ಕದ ಮನೆಯ ಆರುಮುಗಂ, ಮೂಳೆ ಕೂಡಿಸಲು ಆಂಧ್ರದ ಪುತ್ತೂರಿನ ನಾಟಿ ವೈದ್ಯರ ಕಟ್ಟಿಗಿಂತ ಬೇರೆಯಿಲ್ಲ, ವ್ಯಾನು ಗೊತ್ತುಮಾಡಲೇ ಎಂದು ದಿನಕ್ಕೆರಡು ಬಾರಿ ಬರುತ್ತಾನೆ. ಅವನೂ ಕೇಳುವುದು ನನ್ನನ್ನೇ. ನೀನು ಫೋನಿನಲ್ಲಿ "ಆಪರೇಷನ್ ಮಾಡಿಸಿಬಿಡಪ್ಪ" ಎಂದದ್ದೂ ನನಗೇ.

ನಿನ್ನೆ ಊಟಕ್ಕೆ ನಾನು ತುತ್ತು ಮಾಡಿ ಹಿಡಿದರೆ ಬಾಯಿ ಬಿಗಿದುಕೊಂಡಳು. ತಟ್ಟೆ ಇಟ್ಟು, ಏನು ಮಾಡಲಿ ಹೇಳು ಎಂದು ಕೇಳಿದೆ. ಮದುವೆಯಾದ ನಲವತ್ತಾರು ವರ್ಷಗಳಲ್ಲಿ ಹಾಗೆ ಕೇಳಿದ ನೆನಪಿಲ್ಲ. "ಮುದ್ದೆ ಮುರ್ದು ಇಡಿ. ತಿನ್ನೋದು ನಾ ತಿಂತೀನಿ" ಎಂದಳು. ಮುರಿದಿಟ್ಟೆ. ಎಡಗೈಯಲ್ಲಿ ಬಹಳ ಹೊತ್ತು ತಿಂದಳು; ಸಾರು ಸೀರೆಯ ಮೇಲೆಲ್ಲ.

ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸುವುದು. ನಿಮ್ಮ ಮನೆಯಲ್ಲಿ ನೆಮ್ಮದಿ ನೆಲೆಸಿರಲೆಂದು ಹರಸುವ,

ನಿನ್ನ ತಂದೆ
ರಾಮಚಂದ್ರಪ್ಪ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನ ತಾಯಿ ಬಂದು ತನ್ನದನ್ನೂ ಬರೆಯಬೇಕೆಂದಳು, ತಿದ್ದಕೂಡದೆಂದು ಷರತ್ತು. "ಇಂದ್ರಾಣಿ, ನಂಗೆ ಆಪ್ರೇಸನ್ ಬ್ಯಾಡ, ಪುತ್ತೂರೂ ಬ್ಯಾಡ. ಡಾಕ್ಟ್ರು ಅಂದ್ರಲ್ಲ, ಆ ಪಟ್ಟೀಲೇ ಇರ್ತೀನಿ. ಸೊಟ್ಟಗಾದ್ರೆ ನನ್ ಕೈ ತಾನೆ. ಭಾನ್ವಾರ ಬಾ, ಬುದ್ದಿ ಏಳಕ್ಕೆ ಬರ್ಬ್ಯಾಡ." ಇದು ಸರಿಯೋ ತಪ್ಪೋ ನನಗೆ ತಿಳಿಯದು. ಒಂದಕ್ಷರವನ್ನೂ ತಿದ್ದಿಲ್ಲ. ಕೆಳಗೆ ಗೆರೆ ದಾಟಿ ಓಡಿರುವುದು ಅವಳ ಎಡಗೈಯ ಸಹಿ. ನಾನು ಕಾಗದವನ್ನಷ್ಟೇ ಹಿಡಿದುಕೊಂಡಿದ್ದೆ.

ಅಮ್ಮಾಜಮ್ಮ