ಅಂಗಳದಲ್ಲಿ ಉರಿಯುತ್ತೆ, ರಸ್ತೆಯಲ್ಲಿ ಆರುತ್ತೆ

ಮಾರ್ಚ್ 4. ಬೆಳಿಗ್ಗೆ 6.30

ಮತ್ತೆ ಅದೇ. ಪಿಕಪ್‌ಗೆ ಟ್ರೈಲರ್ ಸಿಕ್ಕಿಸಿ, ಪ್ಲಗ್ ಹಾಕಿ, ಹಿಂದೆ ಹೋಗಿ ನೋಡಿದೆ. ಎಡ ಇಂಡಿಕೇಟರ್ ಹಾಕಿದರೆ ಬಲದ್ದೂ ಮಿಣುಕು ಮಿಣುಕು. ಎತ್ತು ಏರಿಗೆ, ಕೋಣ ನೀರಿಗೆ. ಬ್ರೇಕ್ ಒತ್ತುವುದೂ ನಾನೇ, ದೀಪ ನೋಡುವುದೂ ನಾನೇ. ಪೆಡಲ್ ಮೇಲೆ ಇಟ್ಟಿಗೆ ಹೇರಿ ಹಿಂದಕ್ಕೆ ಓಡಬೇಕು. ಇವತ್ತು ಬ್ರೇಕ್ ದೀಪ ಉರಿಯಿತು. ನಿನ್ನೆ ಉರಿಯಲಿಲ್ಲ. ಯಾಕೆ ಅಂತ ಕೇಳಿದರೆ ಟ್ರೈಲರ್ ಹೇಳುತ್ತದೆಯೇ?

ಹದಿನೇಳನೇ ತಾರೀಕಿಗೆ ನನ್ನ ಮೂವತ್ತು ಜೇನುಪೆಟ್ಟಿಗೆ ಸೂರ್ಯಕಾಂತಿ ಹೊಲ ಸೇರಬೇಕು. ಮಾತು ಕೊಟ್ಟಾಗಿದೆ. ಬೆಳಕು ಹರಿಯುವ ಮೊದಲೇ ಹೊರಡಬೇಕು, ಬಿಸಿಲೇರಿದರೆ ಹುಳ ಬೇಯುತ್ತವೆ. ದೀಪವಿಲ್ಲದೆ ಹೇಗೆ?

ಮಧ್ಯಾಹ್ನ

ನಾಲ್ಕೂ ಬಲ್ಬ್ ಬದಲಿಸಿದೆ. ಏನೂ ಆಗಲಿಲ್ಲ. ಬಲ್ಬಿನದಲ್ಲ ತಪ್ಪು.

ಅಕ್ಕ ಅಡುಗೆಮನೆ ಕಿಟಕಿಯಿಂದ ಕೂಗಿದಳು, "ಅವರನ್ನ ಕೇಳೇ, ಅವರೇ ಅಲ್ವಾ ಅದನ್ನೆಲ್ಲ ಬಿಚ್ಚಿ ಜೋಡಿಸಿದ್ದು?"

ಕೇಳಿದೆ. ಭಾವ ವರಾಂಡದಲ್ಲಿ ಪತ್ರಿಕೆ ಹಿಡಿದು ಕೂತಿದ್ದರು. "ಸಾಕೆಟ್ ನೋಡು" ಅಂದರು. ಪತ್ರಿಕೆ ಇಳಿಸಲಿಲ್ಲ.

ಗ್ಯಾರೇಜ್ ಮುಚ್ಚಿ, ಭಾವನ ಪೇಂಟರ್ ಕೆಲಸ ಹೋಗಿ ಎಂಟು ತಿಂಗಳು. ಮೊದಮೊದಲು ಮಾತಾಡುತ್ತಿದ್ದರು. ಆಮೇಲೆ ಬಾಯಿಗೆ ಬೀಗ, ಹಗಲೂ ಹಾಸಿಗೆ. ಹೋದ ತಿಂಗಳು ಒಂದು ಬೆಳಿಗ್ಗೆ ತಾವಾಗಿಯೇ ಎದ್ದು ಟ್ರೈಲರ್ ಪೂರಾ ಬಿಚ್ಚಿದರು. ತುಕ್ಕು ಕೆರೆದರು, ಮೂರು ಕೋಟ್ ಕೆಂಪು ಹೊಡೆದರು. ಮುಖ ನೋಡಿಕೊಳ್ಳಬಹುದು, ಅಷ್ಟು ಹೊಳಪು. ಬೀದಿಯವರೆಲ್ಲ ಬಂದು ಹೊಗಳಿದ್ದೇ ಹೊಗಳಿದ್ದು. ಅಕ್ಕ ಅವತ್ತು ಎಷ್ಟೋ ದಿನದ ಮೇಲೆ ಹಾಡಿಕೊಂಡು ಪಾತ್ರೆ ತೊಳೆದಳು.

ಮಾರ್ಚ್ 6

ಟ್ರೈಲರ್ ಎಳೆದುಕೊಂಡು ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಊರಿಗೆಲ್ಲ ಅವನು ‘ಕನ್ನಡಕ’. ದಪ್ಪ ಗಾಜು, ಅದನ್ನೂ ಹಣೆಗೇರಿಸಿಕೊಂಡೇ ಕೆಲಸ. ಅಲ್ಲಿ ಎಲ್ಲ ದೀಪವೂ ಲಕಲಕ! ಡಾಕ್ಟರ ಮುಂದೆ ಜ್ವರ ಇಳಿದ ಹಾಗೆ.

"ಎಲ್ಲ ಸರಿ ಇದೆಯಲ್ಲಮ್ಮ!"

"ಇಲ್ಲಿ ಸರಿ ಇದೆ. ಮನೇಲಿ ಇಲ್ಲ."

"ಹಾಗಾದ್ರೆ ಮನೇನೇ ರಿಪೇರಿ ಮಾಡಿಸಿ" ಅಂತ ನಕ್ಕ. ನನಗೆ ನಗು ಬರಲಿಲ್ಲ.

ಮಾರ್ಚ್ 7

ಸಾಕೆಟ್ ಬಿಚ್ಚಿದೆ. ಪಿನ್ನಿನಲ್ಲಿ ಹಸಿರು ಕಿಲುಬು. ಸಿಕ್ಕಿತು ಕಳ್ಳ ಅಂದುಕೊಂಡೆ. ಹೊಸದು ಹಾಕಿ ಏಳೂ ವೈರ್ ಕೂರಿಸುವಷ್ಟರಲ್ಲಿ ಬೆರಳೆಲ್ಲ ತೂತು. ಆದರೆ ಎಡಕ್ಕೆ ಎಡ, ಬಲಕ್ಕೆ ಬಲ. ಬ್ರೇಕ್ ಹತ್ತು ಸಲ ಒತ್ತಿದೆ, ಹತ್ತು ಸಲವೂ ಉರಿಯಿತು. ಭಾವನಿಗೆ ಹೇಳಿದೆ, "ನೀವು ಹೇಳಿದ್ದೇ ಸರಿ." ತಲೆಯಾಡಿಸಿದರು. ಸಂತೋಷವಾದಂತೆ ಕಾಣಲಿಲ್ಲ. ನನಗ್ಯಾಕೆ... ಮುಗಿಯಿತಲ್ಲ.

ಮಾರ್ಚ್ 10. ರಾತ್ರಿ



ಖಾಲಿ ಪೆಟ್ಟಿಗೆ ಹೇರಿಕೊಂಡು ಬರುತ್ತಿದ್ದೆ. ಸೇತುವೆ ಇಳಿಜಾರಿನಲ್ಲಿ ಮುಂದಿನ ಬಸ್ಸು ನಿಂತಿತು. ನಾನೂ ಬ್ರೇಕ್ ಹಾಕಿದೆ. ಹಿಂದೆ ಕಿರ್ರ್ ಅಂತ ಟೈರ್ ಸದ್ದು. ಆಮೇಲೆ ಧಡ್.

ಸ್ಕೂಟರ್. ಒಬ್ಬ ಹೆಂಗಸು, ಹಿಂದೆ ಶಾಲೆ ಯೂನಿಫಾರ್ಮಿನ ಮಗಳು. ಮುಂದಿನ ಚಕ್ರ ಟ್ರೈಲರಿನ ಅಡಿಗೇ ಹೋಗಿತ್ತು. ಮಗು ಪಕ್ಕಕ್ಕೆ ಬಿದ್ದು ಮೊಣಕೈ ತರಚಿಕೊಂಡಿತ್ತು. ಅಳಲೂ ಇಲ್ಲ. ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು.

"ದೀಪ ಇಲ್ದೆ ಬ್ರೇಕ್ ಹಾಕಿದ್ರೆ ನಮಗೆ ಹೇಗ್ರೀ ಗೊತ್ತಾಗ್ಬೇಕು? ಇನ್ನೊಂದು ಗೇಣು... ಒಂದೇ ಗೇಣು..." ಮಗಳನ್ನು ಎಳೆದು ಅಪ್ಪಿಕೊಂಡಳು.

ಏನು ಹೇಳಲಿ? ಅಂಗಳದಲ್ಲಿ ಉರಿದಿತ್ತು ಅಂತಲೇ? ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೂಳೆಗೆ ಏನೂ ಆಗಿಲ್ಲ.

ಮನೆಯಲ್ಲಿ ಹೇಳುವಾಗ ಅಕ್ಕ ಎದೆ ಹಿಡಿದುಕೊಂಡಳು. ಭಾವ ಎದ್ದು ಕೋಣೆಗೆ ಹೋದರು. ಊಟಕ್ಕೂ ಬರಲಿಲ್ಲ.

ಮಾರ್ಚ್ 13. ಮಧ್ಯಾಹ್ನ

ಎರಡು ದಿನ ಟ್ರೈಲರ್ ಹತ್ತಿರ ಸುಳಿಯಲಿಲ್ಲ. ಕಂಡರೆ ಒದೆಯಬೇಕು ಅನ್ನಿಸುತ್ತಿತ್ತು. ಒಂದು ಸಲ ಒದ್ದೆ. ನೋವಾಗಿದ್ದು ನನಗೇ.

ಇವತ್ತು ಕನ್ನಡಕನಿಗೆ ಫೋನ್. ಈ ಸಲ ನಗಲಿಲ್ಲ. "ಅರ್ಥ್ ನೋಡಿದ್ರಾಮ್ಮ? ದೀಪಕ್ಕೆ ಹೋದ ಕರೆಂಟು ಬ್ಯಾಟರಿಗೆ ವಾಪಸ್ ಬರಬೇಕಲ್ಲ, ಆ ದಾರಿ. ಅರ್ಥ್ ಇಲ್ದಿದ್ರೆ ಏನೂ ಅರ್ಥ ಆಗಲ್ಲ." ಹೇಗೆ ನೋಡಬೇಕೆಂದೂ ಹೇಳಿದ. ಬ್ಯಾಟರಿಯ ಮೈನಸ್ಸಿನಿಂದ ಉದ್ದ ವೈರ್ ಎಳೆದು ನೇರ ದೀಪದ ಬೋಲ್ಟಿಗೆ ಮುಟ್ಟಿಸಿದೆ. ಝಗ್ ಅಂತ ಬೆಳಕು! ಇಷ್ಟು ದಿನ ಉರಿಯುತ್ತಿದ್ದದ್ದು ಅರ್ಧ ಜೀವದಲ್ಲಿ ಅಂತ ಆಗ ತಿಳಿಯಿತು.

ಟ್ರೈಲರಿನ ಕತ್ತಿನ ಹತ್ತಿರ ಬಿಳಿ ವೈರನ್ನು ಕಬ್ಬಿಣಕ್ಕೆ ಬಿಗಿದ ಬೋಲ್ಟ್ ಇದೆ. ಅದೇ ಅರ್ಥ್. ಬಿಚ್ಚಿದೆ. ವಾಷರ್ ಕೆಳಗೆ ಕೆಂಪು ಬಣ್ಣ. ದಪ್ಪಗೆ, ನುಣ್ಣಗೆ, ಒಂದು ಗೀರೂ ಇಲ್ಲ. ಬಣ್ಣದ ಮೂಲಕ ಕರೆಂಟು ಹೋಗುತ್ತದೆಯೇ? ವೈರ್ ಇತ್ತು, ದಾರಿ ಇರಲಿಲ್ಲ. ಪಿಕಪ್ಪಿನ ಕೊಂಡಿ ಕಬ್ಬಿಣಕ್ಕೆ ತಾಗಿದಷ್ಟು ಹೊತ್ತು ದೀಪ. ರಸ್ತೆಯಲ್ಲಿ ಕುಲುಕಿದರೆ ಅದೂ ಇಲ್ಲ.

ಹತ್ತು ದಿನ. ಬಲ್ಬ್, ಸಾಕೆಟ್, ಒಂದು ಮಗುವಿನ ಮೊಣಕೈ.

ಅಕ್ಕನಿಗೆ ತೋರಿಸಿದೆ. ಮೊದಲು ಅವಳು ನೋಡಿದ್ದು ಬೋಲ್ಟನ್ನಲ್ಲ, ವರಾಂಡವನ್ನು. "ಮೆಲ್ಲಗೆ ಮಾತಾಡೇ. ಅವರು ಹೊರಗೆ ಹೋದಾಗ ಕೆರೆದುಬಿಡು. ಗೊತ್ತಾದ್ರೆ ಮತ್ತೆ ಹಾಸಿಗೆ ಹಿಡೀತಾರೆ. ನಿನಗೆ ಕೈ ಮುಗೀತೀನಿ."

ಆಯ್ತು ಅಂದೆ.

ಮಾರ್ಚ್ 14

ಭಾವ ಬ್ಯಾಂಕಿಗೆ ಹೋದರು. ಅರ ತಗೊಂಡು ಕೂತೆ. ಬಣ್ಣ ಗಟ್ಟಿ, ಹಾಳಾದ್ದು. ನಾಣ್ಯದಷ್ಟಗಲ ಬಿಳಿ ಕಬ್ಬಿಣ ಕಂಡ ಹೊತ್ತಿಗೆ ಪಕ್ಕದಲ್ಲಿ ಚಪ್ಪಲಿ ಕಂಡವು. ಭಾವ.

ಪಾಸ್‌ಬುಕ್ ಮರೆತು ಬಂದಿದ್ದರಂತೆ. ನಾನು ಏನೋ ತೊದಲಿದೆ, "ಇಲ್ಲ ಭಾವ, ಸ್ವಲ್ಪ ತುಕ್ಕು..."

"ತುಕ್ಕಲ್ಲ" ಅಂದರು. "ನನಗೆ ಗೊತ್ತು."

"ಏನು ಗೊತ್ತು?"

"ಬಣ್ಣ ಹೊಡೆಯುವಾಗ ಅಲ್ಲಿ ಟೇಪ್ ಹಚ್ಚಬೇಕಿತ್ತು. ಮರೆತೆ. ನೆನಪಾಗೋ ಹೊತ್ತಿಗೆ ಒಣಗಿತ್ತು. ಆಮೇಲೆ ಕೆರೆಯೋಣ ಅಂದ್ಕೊಂಡೆ. ಅಷ್ಟರಲ್ಲಿ ನೀವೆಲ್ಲ ಬಂದು ಹೊಗಳೋಕೆ ಶುರು ಮಾಡಿದ್ರಿ."

"ಮತ್ತೆ ಸಾಕೆಟ್ ನೋಡು ಅಂದ್ರಿ?"

ನೆಲ ನೋಡಿದರು. "ತಪ್ಪು ಅಲ್ಲೇ ಇರಲಪ್ಪ ಅನ್ನಿಸ್ತು."

ನನ್ನ ನೆತ್ತಿಗೇರಿತು. ಅರ ಎಸೆದೆ. "ಒಳ್ಳೇ ಬಣ್ಣ ಆರಿಸಿದ್ರಿ ಭಾವ. ಕೆಂಪು! ಆ ಮಗು ರಕ್ತ ಬಿದ್ದಿದ್ರೂ ಗೊತ್ತಾಗ್ತಿರಲಿಲ್ಲ."

ಹೇಳಿಯೇಬಿಟ್ಟೆ. ಬಾಗಿಲಲ್ಲಿ ಅಕ್ಕ ನಿಂತಿದ್ದಳು.

ಭಾವ ಬಗ್ಗಿ ಅರ ಎತ್ತಿ, ಒರೆಸಿ, ನನ್ನ ಪಕ್ಕ ಇಟ್ಟು ಒಳಗೆ ಹೋದರು.

ಮಾರ್ಚ್ 16. ಸಂಜೆ

ಅಕ್ಕ ತಟ್ಟೆ ಇಡುವ ಸದ್ದಿನಲ್ಲೇ ಬೈಯುತ್ತಾಳೆ. ಹೇಳಿದ್ದು ಸುಳ್ಳೇ? ಸುಳ್ಳಲ್ಲ. ಆದರೆ ಅಂಗಳದಲ್ಲಿ ಉರಿದದ್ದನ್ನು ನಂಬಿ ಗಾಡಿ ರಸ್ತೆಗಿಳಿಸಿದವಳು ನಾನೇ ತಾನೆ? ಅದನ್ನು ಯಾರಿಗೂ ಹೇಳಲಿಲ್ಲ.

ಮುಸ್ಸಂಜೆ ಹುಳವೆಲ್ಲ ಗೂಡು ಸೇರಿದ ಮೇಲೆ ಪೆಟ್ಟಿಗೆಗಳ ಬಾಯಿ ಮುಚ್ಚಲು ಹೋದೆ. ಟ್ರೈಲರ್ ನೋಡಿ ನಿಂತುಬಿಟ್ಟೆ. ನಾಲ್ಕೂ ದೀಪದ ಬುಡದಲ್ಲಿ ಬಣ್ಣ ಕೆರೆದು ಕಬ್ಬಿಣ ಕಾಣುತ್ತಿದೆ. ಕತ್ತಿನ ಬೋಲ್ಟ್ ಹೊಸದು, ಮೇಲೆ ಗ್ರೀಸ್. ಅದು ಸಾಲದು ಅಂತ ಎಲ್ಲ ದೀಪಕ್ಕೂ ಬೇರೆ ಬಿಳಿ ವೈರ್ ಎಳೆದು ಒಟ್ಟಿಗೆ ಕಟ್ಟಿದ್ದಾರೆ. ಹೊಳೆಯುವ ಕೆಂಪಿನ ಮೇಲೆ ಅಲ್ಲಲ್ಲಿ ಗಾಯದಂಥ ಕಲೆ. ಭಾವ ಯಾವಾಗ ಮಾಡಿದರೋ.

ಮಾರ್ಚ್ 17. ಬೆಳಿಗ್ಗೆ 9

ಸೂರ್ಯಕಾಂತಿ ಹೊಲ. ಪಿಕಪ್ಪಿನ ಸೀಟಿನಲ್ಲಿ ಕೂತು ಬರೆಯುತ್ತಿದ್ದೇನೆ. ಮೂವತ್ತೂ ಇಳಿಸಿಯಾಯಿತು. ಹುಳ ಆಗಲೇ ಹೂವಿನಲ್ಲಿ.

ನಾಲ್ಕೂವರೆಗೆ ಗೇಟು ದಾಟುವಾಗ ಕನ್ನಡಿಯಲ್ಲಿ ಒಂದು ಬೆಳಕು. ಭಾವ. ಸ್ಕೂಟರಿನಲ್ಲಿ, ಟ್ರೈಲರಿನ ಹಿಂದೆ. ನಿಲ್ಲಿಸಿ ಕೇಳಿದೆ, "ಎಲ್ಲಿಗೆ?"

"ನೀನು ನಡಿ. ದೀಪ ನಾನು ನೋಡ್ತೀನಿ."

ನಲವತ್ತು ಕಿಲೋಮೀಟರ್, ಆ ಚಳಿಯಲ್ಲಿ. ಪ್ರತಿ ತಿರುವಿನಲ್ಲಿ, ಪ್ರತಿ ಹಂಪಿನಲ್ಲಿ ಕಾಲು ಬ್ರೇಕಿಗೆ ಹೋದಾಗೆಲ್ಲ ಕಣ್ಣು ಕನ್ನಡಿಗೆ. ಪ್ರತಿ ಸಲವೂ ಅವರು ಒಂದು ಹಾರ್ನ್ ಹೊಡೆದರು. ಉರಿಯಿತು ಅಂತ. ಒಂದು ಸಲವೂ ತಪ್ಪಲಿಲ್ಲ.

ಬಂದವರೇ ಪೆಟ್ಟಿಗೆ ಇಳಿಸಿದರು. ಮೂರು ಕಡೆ ಕುಟುಕಿಸಿಕೊಂಡರು. ಈಗ ಬೇಲಿ ಪಕ್ಕ ಮಲಗಿದ್ದಾರೆ, ಮುಖದ ಮೇಲೆ ಟವೆಲ್. ಒಂದು ಕಣ್ಣು ಊದಿದೆ.

ಎದ್ದರೆ ಹೇಳಬೇಕು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ, ಈಗ ಒಂದೂ ನೆನಪಿಲ್ಲ. ಹೇಗೆ ಶುರು ಮಾಡಲಿ? ಭಾವ, ಆ ದಿನ ನಾನು ಅಂದದ್ದು...

ಎದ್ದರು. ಇತ್ತ ಕಡೆಯೇ ಬರುತ್ತಿದ್ದಾರೆ. ಪೆನ್ನು ಇಡುತ್ತೇನೆ.