ಹೊಲಿದ ಪಟದ ಜೊತೆಗೆ

ಮಾರ್ಚ್ ೯, ಭಾನುವಾರ
ಅಂಗಡಿಯ ಮೇಜಿನಿಂದ

ನನ್ನ ಗಾಳಿಪಟದ ಹುಡುಗಿಗೆ,

ಅಮ್ಮನ ಮುದ್ದು. ತಡವಾಯಿತು, ಬೈಯಬೇಡ. ಹೊಲಿಗೆ ಮಶೀನಿನ ಬೆಲ್ಟು ಮುನಿಸಿಕೊಂಡಿತ್ತು. ಈ ಮನೆಯ ಗಾಳಿ ಅದಕ್ಕೂ ಸೋಕಿರಬೇಕು. ಅಂತೂ ರಾಜಿಯಾಗಿ, ನಿನ್ನ ಪಟ ಹೊಲಿದು ಇದರ ಜೊತೆಗೇ ಕಳಿಸುತ್ತಿದ್ದೇನೆ.

ನಿನ್ನ ಚೀಟಿಯಲ್ಲಿ ಎಂದಿನಂತೆ ಒಂದೇ ಮಾತು: ‘ಹರಿದಿದೆ.’ ಕನ್ನಡದಲ್ಲಿ ಬಿ.ಎ. ಮಾಡಿದವಳ ಮಗಳು ಮಾತಿಗೆ ಇಷ್ಟು ಜಿಪುಣಿ! ನೀನು ಬರೆಯದ್ದನ್ನು ಪಟ ಹೇಳುತ್ತದೆ ಬಿಡು. ಕಲ್ಲಿಗೆ ತಾಗಿದ ಹರಕು ಹಲ್ಲುಹಲ್ಲಾಗಿರುತ್ತದೆ. ಹೊಲಿಗೆಯ ಸಂದಿಯಲ್ಲಿ ಮರಳು ಸಿಕ್ಕರೆ ಗಾಳಿ ನಿನ್ನನ್ನು ದಡದ ಮೇಲೆ ಎಳೆದಾಡಿದೆ ಎಂದರ್ಥ. ಹೋದ ವರ್ಷ ಹಾಗೆ ಒಂದು ಹಿಡಿ ಉದುರಿತು. ಗುಡಿಸಲು ಕೈ ಬರಲಿಲ್ಲ. ಗುಂಡಿಗಳ ಡಬ್ಬಿಯಲ್ಲಿಟ್ಟಿದ್ದೇನೆ.

ಅಂದಿನಿಂದ ಅಂಗಡಿಯ ಕರಿಹಲಗೆಯ ಮೇಲೆ ನನ್ನ ಪದ್ಯ:

ದಡದಿಂದ ಕಡಲಿಗೆ ಬೀಸಿತೆ ಗಾಳಿ?
ಅಂದಿನ ಮಟ್ಟಿಗೆ ಕಡಲಿರಲಿ ಖಾಲಿ.
ಎಳೆತ ಮಿತಿ ಮೀರಿತೆ? ಪಟವನ್ನು ಬಿಡು;
ಪಟ ನಾನು ಹೊಲಿವೆ, ಜೀವ ಉಳಿಸಿಕೊಡು.

ಪಟ ಎಳೆದತ್ತ ಹಲಗೆಯ ಮೇಲೆ ನಿಂತು ಅಲೆಗಳಲ್ಲಿ ಜಾರುವ ನಿನ್ನ ಈ ಆಟವನ್ನು ಹೊಸದಾಗಿ ಕಲಿಯುತ್ತಿರುವ ಬ್ಯಾಂಕ್ ಮ್ಯಾನೇಜರು ಓದಿ ನಕ್ಕರು. “ಅಕ್ಕಾ, ನೀವು ಎಲ್ಲೀವರೆಗೆ ನೀರಿಗಿಳಿದಿದ್ದೀರಿ?”

“ಮೊಣಕಾಲಿನವರೆಗೆ ಸರ್. ಇಳಿದವರ ಪಟಗಳು ಮಾತ್ರ ನನ್ನ ಮಡಿಲವರೆಗೆ ಬಂದಿವೆ.”

ನಗು ನಿಲ್ಲಿಸಿ, ಹೆಲ್ಮೆಟ್ ಎಲ್ಲಿ ಸಿಗುತ್ತದೆ ಎಂದು ಕೇಳಿಕೊಂಡು ಹೋದರು. ನಿನಗೂ ಅದೇ ಮಾತು: ಒಬ್ಬಳೇ ಇಳಿಯಬೇಡ. ಇಳಿಯುವ ಮುಂಚೆ ಎದೆಯ ಹತ್ತಿರದ ಆ ಕೆಂಪು ಹಿಡಿಯನ್ನು ಒಮ್ಮೆ ತಳ್ಳಿ ನೋಡು. ಉಪ್ಪು ಕಟ್ಟಿದರೆ ಬೇಕಾದ ಹೊತ್ತಿಗೆ ಅದು ಪಟವನ್ನು ಬಿಡುವುದಿಲ್ಲ. ಬಿಡದೆ ಹಟ ಹಿಡಿಯುವವರು ನಮ್ಮ ಮನೆಯಲ್ಲೇ ಸಾಕಷ್ಟಿದ್ದಾರೆ.

ನಿಮ್ಮಪ್ಪನ ವಿಷಯಕ್ಕೆ ಬಂದೆ. “ಕಡಲಿಗೆ ಇಳಿದರೆ ಈ ಮೆಟ್ಟಿಲು ಹತ್ತಬೇಡ” ಎಂದು ಅವರು, “ಸರಿ ಅಪ್ಪಾ, ನಾನು ಹತ್ತಲ್ಲ, ನೀವು ಇಳೀಬೇಡಿ” ಎಂದು ನೀನು. ಮೂರು ವರ್ಷವಾಯಿತು. ಅವರು ಇಳಿದಿಲ್ಲ, ನೀನು ಹತ್ತಿಲ್ಲ, ನಡುವೆ ಮೆಟ್ಟಿಲು ಗುಡಿಸುವವಳು ನಾನು.

ಮೊನ್ನೆ ಸುಡು ಬಿಸಿಲಲ್ಲಿ ಛತ್ರಿ ಹಿಡಿದು ಹೊರಟರು.

“ಎಲ್ರೀ ಮಳೆ?”

“ಬರುತ್ತೆ. ಫೋನ್ ಹೇಳ್ತು.”

ಫೋನ್ ಇಸಿದುಕೊಂಡು ನೋಡಿದೆ. ಅದು ನಿನ್ನೂರಿನ ಮಳೆ. ದಿನಾ ಬೆಳಿಗ್ಗೆ ನೋಡುವುದು ಅದನ್ನೇ, ಗಾಳಿಯ ಬಾಣದ ಗುರುತಿನ ಸಮೇತ. ಸಂಜೆ ಊಟಕ್ಕೆ ಕೂತಾಗ ತಟ್ಟೆಯನ್ನೇ ನೋಡುತ್ತಾ, “ಗುರುವಾರ ಅಲ್ಲಿ ಗಾಳಿ ಕಡಲ ಕಡೆಗಿದೆ, ಹೇಳು ಅವಳಿಗೆ” ಎಂದರು.

“ನೀವೇ ಹೇಳಿ.”

“ನಂಗೇನು ಬೇರೆ ಕೆಲಸ ಇಲ್ವಾ?”

ಹೇಳಿದ್ದೇನೆ. ಪತ್ರ ತಲುಪುವಷ್ಟರಲ್ಲಿ ಆ ಗುರುವಾರ ಕಳೆದಿರುತ್ತದೆ, ಆದರೂ ಹೇಳಿದ್ದೇನೆ. ನಿನ್ನ ಕೋಣೆಯ ಕಿಟಕಿ ದಿನಾ ತೆರೆಯುತ್ತೇನೆ. ಪರದೆ ಉಬ್ಬಿದಾಗಲೆಲ್ಲ ನೀನೇ ಹಿಂದೆ ನಿಂತ ಹಾಗಿರುತ್ತದೆ.

ಹೊಟ್ಟೆ ತುಂಬ ಉಣ್ಣು, ಕಣ್ಣು ತುಂಬ ನಿದ್ದೆ ಮಾಡು. ಎಷ್ಟು ಎತ್ತರ ಹಾರಿದರೂ ಕಾಲು ಮೆತ್ತಗೆ ನೆಲ ಮುಟ್ಟಲಿ, ನೂರು ವರ್ಷ.

ನಿನ್ನ
ಅಮ್ಮ

ಮರೆತ ಮಾತು: ಮರೆತಿರಲಿಲ್ಲ, ಮುಂದೂಡಿದ್ದೆ. ಈ ಸಲದ ಹರಕಿಗೆ ಹಲ್ಲಿಲ್ಲ, ಸಂದಿಯಲ್ಲಿ ಮರಳಿಲ್ಲ. ಗೆರೆ ಎಳೆದಷ್ಟು ನೇರ. ಹೊಲಿಗೆಯವಳ ಮಗಳು ಕತ್ತರಿ ಹಿಡಿದರೆ ಹಾಗೇ ಬರಬೇಕು. ನಿಮ್ಮಪ್ಪ ಅದರ ಮೇಲೆ ಬೆರಳಾಡಿಸಿ, “ಇದು ಕಲ್ಲಲ್ಲ ಕಣೇ” ಎಂದರು.

ನನ್ನ ಪತ್ರಕ್ಕಾಗಿ ಪಟ ಕತ್ತರಿಸಬೇಡ, ಮಗಳೇ. ಹೊಲಿಗೆ ಹೆಚ್ಚಿದಷ್ಟೂ ಬಟ್ಟೆ ಸೋಲುತ್ತದೆ; ಜೋರು ಗಾಳಿಯ ದಿನ ಅಲ್ಲೇ ಕೈಕೊಡುತ್ತದೆ. ಮಡಿಕೆಯೊಳಗೆ ಒಂದಿಷ್ಟು ಬಟ್ಟೆಯ ಚೂರು ಇಟ್ಟಿದ್ದೇನೆ. ನೆನಪಾದಾಗ ಅದಕ್ಕೆ ಕತ್ತರಿ ಹಾಕಿ ಕಳಿಸು, ಪತ್ರ ಬರೆಯುತ್ತೇನೆ. ಚೀಟಿಯೂ ಬೇಡ.

ಅವುಗಳ ನಡುವಿನ ಕಪ್ಪು ಚೂರು ಮಾತ್ರ ನಾನಿಟ್ಟದ್ದಲ್ಲ. ಬಾಗಿಲ ಹಿಂದಿನ ಛತ್ರಿಯಲ್ಲಿ ಈಗ ಅಷ್ಟಗಲದ ಕಿಂಡಿಯಿದೆ. ಕತ್ತರಿಸಿದವರ ಕೈ ನೇರವಿಲ್ಲ, ನೋಡು.