ಟ್ರ್ಯಾಕ್ಟರ್ ಹೆಂಗಸಿನ ಬೆನ್ನ ಹಿಂದೆ

29 ಅಕ್ಟೋಬರ್ 2022, ಶನಿವಾರ

ನಮ್ಮ ಚಿತ್ರಶಾಲೆಯ ಸಂಗ್ರಹ ಕೋಣೆಯಲ್ಲಿ ತೇವಾಂಶ ಶೇಕಡಾ 61. ಹೀಟರ್ ಇಲ್ಲ. ಬರೆದಿಟ್ಟೆ, ಯಾರು ಓದುತ್ತಾರೋ.

ರಷ್ಯನ್ನರು ಕೂರಿಸಿದ ಹೊಸ ನಿರ್ದೇಶಕಿ ಬಂದಳು. "ಸೋಮವಾರ ಲಾರಿ ಬರುತ್ತೆ. ಚಿತ್ರಗಳನ್ನ ಕಾಪಾಡೋಕೆ ತಗೊಂಡು ಹೋಗ್ತಾರೆ." ಕಾಪಾಡೋಕಂತೆ! ಕುರಿ ಕಾಯೋಕೆ ತೋಳ.

ಎಲ್ಲ ಉಳಿಸಲಾರೆ. ಒಂದನ್ನಾದರೂ... 'ದ್ನಿಪ್ರೊ ದಡದ ಜೊಂಡು'. ನಮ್ಮ ಜಿಲ್ಲೆಯವನೇ ಬರೆದದ್ದು. ನನ್ನಜ್ಜಿ ಬಟ್ಟೆ ಒಗೆಯುತ್ತಿದ್ದ ದಡ. ಈಗ ಅಣೆಕಟ್ಟಿನ ನೀರಿನಡಿ. ಚಿತ್ರದಲ್ಲಿ ಮಾತ್ರ ಉಳಿದಿದೆ.

ಬಾಗಿಲು ಹಾಕಿಕೊಂಡು ಅದನ್ನು ಚೌಕಟ್ಟಿನಿಂದ ಬಿಚ್ಚಿದೆ. ಅದೇ ಅಳತೆಯ 'ಟ್ರ್ಯಾಕ್ಟರ್ ಹೆಂಗಸು' ಚಿತ್ರದ ಬಟ್ಟೆಯ ಹಿಂದೆ ಸೇರಿಸಿ ಮೊಳೆ ಹೊಡೆದೆ. ಆ ಹೆಂಗಸಿನ ಮುಖ ಕುಂಬಳಕಾಯಿ. ಯಾರೂ ಒಂದು ನಿಮಿಷ ನಿಂತು ನೋಡಿದ್ದಿಲ್ಲ. ಕಳ್ಳನಿಗೂ ಬೇಡ.

ಎಂದಿನಂತೆ ಕೆಲಸ ಮುಗಿಸಿ, ಒಂದೊಂದು ಚಿತ್ರದ ವಿವರ ಬರೆದಿಡುವ ಕಾರ್ಡುಗಳ ಪೆಟ್ಟಿಗೆಗಳನ್ನು ಕಾವಲುಗಾರ ರೋದಿಯಾನ್‌ಗೆ ಕೊಟ್ಟೆ. ತನ್ನ ನೆಲಮಾಳಿಗೆಯಲ್ಲಿ ಆಲೂಗಡ್ಡೆಯ ಕೆಳಗೆ ಬಚ್ಚಿಡುತ್ತಾನೆ. ಜೊಂಡಿನ ವಿಷಯ ಹೇಳಲಿಲ್ಲ. ಒಳ್ಳೆಯವನು, ಆದರೆ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ.

1 ನವೆಂಬರ್

ಎರಡು ದಿನದಿಂದ ಹೊರುತ್ತಿದ್ದಾರೆ. ಕಿಟಕಿಯ ಪರದೆ ಕಿತ್ತು ಅದರಲ್ಲೇ ಸುತ್ತುತ್ತಾರೆ. ರೋದಿಯಾನ್ ಬಾಗಿಲಲ್ಲಿ ನಿಂತು ಒಂದೊಂದನ್ನೂ ನೋಡುತ್ತಿದ್ದ.

ಕೊನೆಗೆ ಒಬ್ಬ ಸೈನಿಕ. ಕಂಕುಳಲ್ಲಿ ಟ್ರ್ಯಾಕ್ಟರ್ ಹೆಂಗಸು.

"ಅದ್ಯಾಕಪ್ಪ? ಬರೀ ಕಸ. ಬಿಡು."

"ಇರ್ಲಿ ಅಮ್ಮ, ಥೇಟ್ ನಮ್ಮಜ್ಜಿ ಥರಾನೇ ಇದಾಳೆ."

ಇನ್ನೊಂದು ಮಾತಾಡಿದ್ದರೆ ಅನುಮಾನ ಬರುತ್ತಿತ್ತು. ನನ್ನ ಕೆಂಪು ಹೂವಿನ ಶಾಲು ಬಿಚ್ಚಿ ಅವಳಿಗೆ ಸುತ್ತಿದೆ. "ಜೋಪಾನ" ಅಂದೆ. ಕಳ್ಳನಿಗೆ!

15 ನವೆಂಬರ್

ಅವರು ಓಡಿಹೋದರು. ಊರು ಮತ್ತೆ ನಮ್ಮದು. ಚೌಕದಲ್ಲಿ ಬಾವುಟ, ಅಳು, ಅಪ್ಪುಗೆ. ಕರೆಂಟಿಲ್ಲ, ನೀರಿಲ್ಲ, ಯಾರಿಗೂ ಅದರ ಚಿಂತೆಯಿಲ್ಲ.

ರೋದಿಯಾನ್ ಜೊತೆ ಖಾಲಿ ಗೋಡೆಗಳ ಮುಂದೆ ನಡೆದೆ.

"ಜೊಂಡಿನ ಚಿತ್ರ ಎಲ್ಲಿ, ತೈಸಿಯಾ ಪಾವ್ಲಿವ್ನಾ?"

"ತಗೊಂಡು ಹೋದ್ರು."

"ಇಲ್ಲ. ಅದು ಬಾಗಿಲು ದಾಟಿಲ್ಲ. ನಾನೇ ನಿಂತಿದ್ನಲ್ಲ."

2 ಡಿಸೆಂಬರ್

ಪರಿಚಯದವರೊಬ್ಬರಿಂದ ಫೋನಿಗೆ ಒಂದು ಫೋಟೊ ಬಂತು. ರಷ್ಯನ್ನರ ಕೈಯಲ್ಲಿರುವ ಕ್ರಿಮಿಯದ ಯಾವುದೋ ಹಜಾರ. ನಮ್ಮ ಚಿತ್ರಗಳು ಸೌದೆಯ ಹಾಗೆ ಒರಗಿವೆ. ಮೂಲೆಯಲ್ಲಿ ನನ್ನ ಶಾಲು, ಬಿಚ್ಚಿಲ್ಲ! ಅತ್ತುಬಿಟ್ಟೆ. ಜೊಂಡು ಇದೆ. ಅವರಿಗೆ ಗೊತ್ತಿಲ್ಲ.

ಕಳವಾದವುಗಳ ಪಟ್ಟಿ ನಾನೇ ಮಾಡಬೇಕು. ಜಗತ್ತಿಗೆಲ್ಲ ಪ್ರಕಟಿಸುತ್ತಾರೆ. ಕಳ್ಳರೂ ಓದುತ್ತಾರೆ. ಅದರಲ್ಲಿ ಜೊಂಡಿನ ಹೆಸರು ಕಂಡರೆ ಹುಡುಕುತ್ತಾರೆ, ಒಂದೊಂದನ್ನೂ ಬಿಚ್ಚುತ್ತಾರೆ. ಟ್ರ್ಯಾಕ್ಟರ್ ಹೆಂಗಸನ್ನು ಬರೆದೆ. ಜೊಂಡನ್ನು ಬಿಟ್ಟೆ.

9 ಡಿಸೆಂಬರ್

ರೋದಿಯಾನ್ ಪಟ್ಟಿ ಓದಿದ. ಚಹಾ ಮುಟ್ಟಲಿಲ್ಲ.

"ಮೂವತ್ತು ವರ್ಷ ನಿಮ್ಮ ಜೊತೆ ಚಾ ಕುಡ್ದಿದೀನಿ. ನಿಜ ಹೇಳ್ಬಿಡಿ. ಮಾರ್ಕೊಂಡ್ರಾ?"

"ಬಾಯಿ ಮುಚ್ಚು."

"ನಾನ್ ಮುಚ್ತೀನಿ. ತನಿಖೆಯವರು ಮುಚ್ತಾರಾ? ಅವರಿಗೆ ಹೇಳಿ ಆಯ್ತು."

ಕಪಾಳಕ್ಕೆ ಹೊಡೆದ ಹಾಗಾಯಿತು. ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ.

12 ಡಿಸೆಂಬರ್, ಬೆಳಿಗ್ಗೆ 9

ರೋದಿಯಾನ್ ಕಾರ್ಡಿನ ಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟು ಹೋದ. ಮುಖ ನೋಡಲಿಲ್ಲ. ಹತ್ತಕ್ಕೆ ತನಿಖಾಧಿಕಾರಿ. ಕಾರ್ಡುಗಳೆಲ್ಲ ಅವನ ಕಡತಕ್ಕೆ. ಕಡತದಿಂದ ನ್ಯಾಯಾಲಯ, ಪತ್ರಿಕೆ...

ಜೊಂಡಿನ ಕಾರ್ಡು ತೆಗೆದೆ.

ಸ್ಥಳ: '214ರ ಹಿಂದೆ.' ತಾರೀಖು ಸಮೇತ, ಪೆನ್ಸಿಲಿನಲ್ಲಿ, ನನ್ನದೇ ಅಕ್ಷರ. 214 ಅಂದರೆ ಟ್ರ್ಯಾಕ್ಟರ್ ಹೆಂಗಸು. ಚಿತ್ರ ಒಂದು ಮೊಳೆಯಿಂದ ಇನ್ನೊಂದಕ್ಕೆ ಹೋದರೂ ಕಾರ್ಡಿನಲ್ಲಿ ಬರೆಯಬೇಕು — ಕೆಲಸಕ್ಕೆ ಸೇರಿದ ದಿನವೇ ಕಲಿಸಿದ್ದು. ಅಂದು ಕೈ ತಾನಾಗಿ ಬರೆದುಬಿಟ್ಟಿದೆ. ಹಾಳಾದ ಕೈ!

ನಾನು ಕಳ್ಳಿಯಲ್ಲ ಅನ್ನುವುದಕ್ಕೆ ಇರುವ ಸಾಕ್ಷಿ ಇದೊಂದೇ. ತೋರಿಸಿದರೆ ನಾನು ಉಳಿಯುತ್ತೇನೆ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ, ನಾಳೆ ಕ್ರಿಮಿಯಕ್ಕೆ.

9.40

ಕಾರ್ಡು ಹರಿದರೆ ಅಂಥ ಚಿತ್ರವೇ ಇರಲಿಲ್ಲ ಎಂದಾಗುತ್ತದೆ. ಒಂದು ಸಾಲು ಅಳಿಸಿದರೆ ಸಾಕು. ರಬ್ಬರ್ ಸಿಕ್ಕಿತು. ಮೂವತ್ತೊಂದು ವರ್ಷದಲ್ಲಿ ಕಾರ್ಡಿನಿಂದ ಒಂದಕ್ಷರ ಅಳಿಸಿದವಳಲ್ಲ ನಾನು.

ಎಲ್ಲ ಬರೆದಿಟ್ಟ ಈ ದಿನಚರಿ ಮೂಲೆಯ ಸೌದೆ ಒಲೆಗೆ. ಉರಿ ಚೆನ್ನಾಗಿದೆ. ಇನ್ನು ಒಂದೆರಡು ಸಾಲು...

ಮೆಟ್ಟಿಲ ಮೇಲೆ ಬೂಟಿನ ಸದ್ದು. ಬೇಗ ಬಂದುಬಿಟ್ಟರು. ರೋದಿಯಾನ್ ದನಿ — "ಒಳಗೇ ಇದಾರೆ, ಬನ್ನಿ."

'214' ಅಳಿಯಿತು. 'ಹಿಂದೆ' ಇನ್ನೂ